ಪಡುಮನೆಯ ಹಾಳೆ

ಆದಿ ಉಡುಪಿ
4 ಸೆಪ್ಟೆಂಬರ್ 1978

ಮಾನ್ಯ ಶ್ರೀಮತಿ ಗುಣವತಿಯವರಿಗೆ, ವಂದನೆಗಳು.

ನನ್ನ ಪರಿಚಯ ನಿಮಗಿಲ್ಲ. ನನ್ನ ಹೆಸರು ಸುಭಾಷಿಣಿ. ಈ ವರ್ಷ ಕನ್ನಡ ಎಂ.ಎ.ಯಲ್ಲಿ ಮೊದಲನೆಯ ರ‍್ಯಾಂಕ್ ಪಡೆದಿದ್ದೇನೆ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ಕಳೆದ ಜೂನ್ ತಿಂಗಳಲ್ಲಿ ನಿಮ್ಮ ತಂದೆ, ಕಾಪುವಿನ ದೂಮಪ್ಪ ಮಾಸ್ತರರು ತೀರಿಕೊಂಡ ಮೇಲೆ ಇಲ್ಲಿಯ ಅಭಿಮಾನಿಗಳು ಸಮಿತಿಯೊಂದನ್ನು ರಚಿಸಿ, ಅವರ ಸಂಸ್ಮರಣ ಗ್ರಂಥದ ಸಂಪಾದನೆಯನ್ನು ನನಗೆ ಒಪ್ಪಿಸಿದ್ದು ಆ ಕಾರಣದಿಂದ.

ಗ್ರಂಥದಲ್ಲಿ ಎರಡು ಭಾಗಗಳಿರುತ್ತವೆ. ಮೊದಲನೆಯದು ಅವರ ಲೇಖನಗಳದ್ದು. ಎರಡನೆಯದು ಕಾಪುವಿನಿಂದ ಕಾರ್ಕಳದವರೆಗಿನ ಮನೆತನಗಳ ವಂಶದ ಹಾಳೆಗಳದ್ದು. ನಲವತ್ತು ವರ್ಷ ಮನೆಮನೆಯ ಜಗಲಿಯಲ್ಲಿ ಕುಳಿತು, ಮುದುಕಿಯರ ನೆನಪನ್ನು ಎಳೆ ಎಳೆಯಾಗಿ ಬಿಡಿಸಿ ಅವರು ಬರೆದ ಆ ಹಾಳೆಗಳ ಬೆಲೆ ನಿಮಗೆ ನಾನು ಹೇಳಬೇಕಾದುದಲ್ಲ.

ನನಗೆ ಅವರು ಶಾಲೆಯಲ್ಲಿ ಕಲಿಸಿದವರಲ್ಲ. ನಮ್ಮ ತಂದೆ ವಿಷ್ಣುಮೂರ್ತಿಯವರಲ್ಲಿಗೆ ಪಂಚಾಂಗ ನೋಡಲು ಬರುತ್ತಿದ್ದರು. ನಾನು ಬಿ.ಎ.ಯಲ್ಲಿ ಮೊದಲಿಗಳಾದ ದಿನ ಜಗಲಿಯಲ್ಲೇ ಕೇಳಿದರು: “ಫಸ್ಟ್ ಬಂದಿಯಂತೆ, ಸಂತೋಷ. ನಿನ್ನ ಅಜ್ಜಿಯ ಅಜ್ಜಿಯ ಹೆಸರೆಂತ, ಹೇಳು ನೋಡುವ.” ನನಗೆ ತಿಳಿದಿರಲಿಲ್ಲ. “ಹಾಗಾದರೆ ಫಸ್ಟ್ ಅಲ್ಲ. ಪಾಸು, ಅಷ್ಟೆ.” ಮೂರು ದಿನ ಅಜ್ಜಿಯನ್ನು ಪೀಡಿಸಿ ಆ ಹೆಸರನ್ನು ಪಡೆದು, ಉದ್ಯಾವರದ ಬಸ್ ನಿಲ್ದಾಣದಲ್ಲಿ ಅವರನ್ನು ತಡೆದು ಹೇಳಿದೆ. ಕೊಡೆಯನ್ನು ಕಂಕುಳಿಗೇರಿಸಿ, ಪುಸ್ತಕ ತೆಗೆದು, ರಸ್ತೆಯ ಬದಿಯಲ್ಲಿ ನಿಂತೇ ಅದನ್ನು ಬರೆದುಕೊಂಡರು. “ಈಗ ಫಸ್ಟ್” ಎಂದರು. ವಿಶ್ವವಿದ್ಯಾಲಯದ ಮಾತಿಗಿಂತ ಆ ಮಾತು ನನಗೆ ದೊಡ್ಡದು.

ಅವರ ಒಬ್ಬಳೇ ಮಗಳಾದ ನಿಮ್ಮಿಂದ ಒಂದು ಛಾಯಾಚಿತ್ರವನ್ನೂ ನಾಲ್ಕು ಪುಟದ ಸ್ಮರಣೆಯನ್ನೂ ಕೋರುತ್ತೇನೆ. ನಿಮ್ಮ ವಿಳಾಸವನ್ನು ಶಿರ್ವದ ಇಗರ್ಜಿಯ ಪಾದ್ರಿಗಳ ಕಡೆಯಿಂದ ಬಹಳ ಪ್ರಯಾಸದಿಂದ ಪಡೆದೆ. ಕಾಪುವಿನಲ್ಲಿ ಅದು ಯಾರ ಬಳಿಯೂ ಇರಲಿಲ್ಲವೆಂಬುದು ನನಗೆ ಆಶ್ಚರ್ಯ.

ವಿಧೇಯಳು,
ಸುಭಾಷಿಣಿ


ದಾದರ್, ಮುಂಬಯಿ
19 ಸೆಪ್ಟೆಂಬರ್ 1978

ಕುಮಾರಿ ಸುಭಾಷಿಣಿಯವರಿಗೆ,

ನಿಮ್ಮ ಪತ್ರ ಬಂತು. ಅಕ್ಷರ ಚೆನ್ನಾಗಿದೆ. ಇಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕಾಪಿ ತಿದ್ದುವವಳು ನಾನು, ಹಾಗಾಗಿ ಮೊದಲು ಅದೇ ಕಣ್ಣಿಗೆ ಬಿತ್ತು.

ಛಾಯಾಚಿತ್ರವಿಲ್ಲ. 1959ರಲ್ಲಿ ಶಿರ್ವದ ಜೋನ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಬರುವಾಗ ಅಪ್ಪನಿಗೂ ನನಗೂ ಒಂದು ಮಾತಾಯಿತು. ಆಮೇಲೆ ಅವರು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಅವರು ಹೋದ ಸುದ್ದಿಯನ್ನು ಊರಿನವರ ಹೋಟೆಲಿನಲ್ಲಿ ಯಾರೋ ಹೇಳಿ, ಜೋನ್ ಮನೆಗೆ ತಂದರು. ಆಗ ಹದಿಮೂರು ದಿನ ಕಳೆದಿತ್ತು.

ಸ್ಮರಣೆ ನಾಲ್ಕು ಪುಟವಾಗುವಷ್ಟಿಲ್ಲ. ಅಪ್ಪ ಕಾಪುವಿನಲ್ಲಿ, ತಮ್ಮ ತಾಯಿಯ ಮನೆಯಲ್ಲಿ ಇದ್ದವರು. ನಾನೂ ನನ್ನ ಅಮ್ಮ ಮುತ್ತಕ್ಕನೂ ಕಾರ್ಕಳದಲ್ಲಿ, ನಮ್ಮ ಪಡುಮನೆಯಲ್ಲಿ. ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಅಪ್ಪ ಬರುತ್ತಿದ್ದರು. ರಜೆಯಲ್ಲಿ ನನ್ನನ್ನೂ ಊರೂರಿಗೆ ಕರೆದೊಯ್ಯುತ್ತಿದ್ದರು. ಯಾವ ಮನೆಯಲ್ಲಾದರೂ ಗಂಡಸರು ಮುಂದೆ ಬಂದು ಹೆಸರುಗಳನ್ನು ಹೇಳತೊಡಗಿದರೆ, “ನೀವು ವೀಳ್ಯ ಹಾಕಿಕೊಳ್ಳಿ, ಹೆತ್ತವಳನ್ನು ಕರೆಯಿರಿ” ಎನ್ನುವರು. ತಾಯಿಯ ಬಾಯಿಂದ ಕೇಳದೆ ಯಾವ ಮಗುವಿನ ಹೆಸರನ್ನೂ ಅವರು ಬರೆದವರಲ್ಲ. ತಾಯಿ ಇಲ್ಲವಾದರೆ ಅವಳ ತಾಯಿ, ಇಲ್ಲವೇ ಅವಳ ಅಕ್ಕತಂಗಿ. ಇಷ್ಟನ್ನು ನೀವು ಬೇಕಾದರೆ ಹಾಕಿಕೊಳ್ಳಬಹುದು.

ನನ್ನದೊಂದು ಕೇಳಿಕೆ ಉಂಟು. ಪಡುಮನೆಯ ಹಾಳೆ ನಿಮಗೆ ಸಿಕ್ಕಿದೆಯೋ? ಸಿಕ್ಕಿದರೆ, ಮುತ್ತಕ್ಕನ ಕೆಳಗೆ ನನ್ನ ಹೆಸರನ್ನು ಅವರು ಉಳಿಸಿದ್ದಾರೋ, ಹೊಡೆದು ಹಾಕಿದ್ದಾರೋ ಎಂದು ತಿಳಿಸಿ. ಬೇರೇನೂ ಬೇಡ.

ಗುಣವತಿ


ಆದಿ ಉಡುಪಿ
2 ಅಕ್ಟೋಬರ್ 1978

ಮಾನ್ಯ ಗುಣವತಿಯವರಿಗೆ,

ನಿಮ್ಮ ಪತ್ರ ತಲಪಿದ ಮರುದಿನವೇ ಕಾಪುವಿಗೆ ಹೋದೆ. ಮಾಸ್ತರರ ತಂಗಿಯ ಮಗ ಶೀನಣ್ಣನವರು ಪೆಟ್ಟಿಗೆಯನ್ನು ತೆರೆದುಕೊಟ್ಟರು. ಇಪ್ಪತ್ತೆರಡು ಹಾಳೆಗಳಿವೆ. ಪಡುಮನೆಯದು ಅವುಗಳಲ್ಲಿಲ್ಲ.

ಆದರೆ ಅದನ್ನು ಹುಡುಕುವ ಅಗತ್ಯವಿಲ್ಲವೆಂದು ಹೇಳಬೇಕಾಗಿರುವುದಕ್ಕೆ ವಿಷಾದಿಸುತ್ತೇನೆ. ಕಾಪುವಿನ ಹಾಳೆಯಲ್ಲಿ ಮಾಸ್ತರರು ತಮ್ಮ ಹೆಸರಿನ ಎದುರು ಸ್ವಹಸ್ತದಿಂದ ಒಂದು ಶಬ್ದವನ್ನು ಬರೆದಿದ್ದಾರೆ: ‘ನಿಸ್ಸಂತತಿ’. ಸಂತತಿ ಇಲ್ಲದವನು ಎಂದು ಅರ್ಥ. ಪದದ ರಚನೆಯಲ್ಲಿ ಸಂದಿಗ್ಧತೆಯೇನೂ ಇಲ್ಲ. ಈ ಸತ್ಯವನ್ನು ನಿಮ್ಮಿಂದ ಮುಚ್ಚಿಡುವುದು ನನ್ನ ವಿದ್ಯೆಗೆ ತಕ್ಕುದಲ್ಲವೆಂದು ತೋರಿ ತಿಳಿಸುತ್ತಿದ್ದೇನೆ.

ಕೋಪದಲ್ಲಿ ಒಬ್ಬ ತಂದೆ ಬರೆದುದನ್ನು ಗ್ರಂಥವೂ ಉಳಿಸಿಕೊಳ್ಳಬೇಕಿಲ್ಲ. ಸಂಪಾದಕಳಾಗಿ ನಾನು ಅದನ್ನು ತಿದ್ದುತ್ತೇನೆ. ದೂಮಪ್ಪ ಮಾಸ್ತರರ ಹೆಸರಿನಿಂದ ಗೆರೆ ಎಳೆದು ನಿಮ್ಮ ಹೆಸರನ್ನು ಸೇರಿಸುವೆ. ನಿಮ್ಮ ಕೆಳಗೆ ನಿಮ್ಮ ಮಕ್ಕಳದ್ದು ಬರಲಿ. ಅವರೆಷ್ಟು ಮಂದಿ, ಹೆಸರುಗಳೇನು, ದಯವಿಟ್ಟು ಕೂಡಲೇ ತಿಳಿಸಿ.

ಸುಭಾಷಿಣಿ


ದಾದರ್, ಮುಂಬಯಿ
30 ನವೆಂಬರ್ 1978

ಸುಭಾಷಿಣಿಯವರಿಗೆ,

ಅಪ್ಪ ಬರೆದದ್ದು ಸರಿಯಾಗಿಯೇ ಉಂಟು. ಏನನ್ನೂ ತಿದ್ದಬೇಡಿ, ಏನನ್ನೂ ಸೇರಿಸಬೇಡಿ. ಈ ವಿಷಯವಾಗಿ ಇನ್ನು ನನಗೆ ಬರೆಯಬೇಕಿಲ್ಲ.

ಗುಣವತಿ


ಆದಿ ಉಡುಪಿ
8 ಜನವರಿ 1979

ಮಾನ್ಯ ಗುಣವತಿಯವರಿಗೆ,

ಬರೆಯಬೇಡಿ ಎಂದಿರಿ, ಆದರೂ ಬರೆಯುತ್ತಿದ್ದೇನೆ. ನಿಮ್ಮ ಮೂರು ಸಾಲುಗಳಲ್ಲಿ ನೋವಿದೆ. ನೋವಿನಲ್ಲಿ ಆಡಿದ ಮಾತನ್ನು ಸಮ್ಮತಿಯೆಂದು ತಿಳಿಯುವಷ್ಟು ನಾನು ಎಳಸಲ್ಲ.

ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಊರಿನ ಪ್ರತಿಯೊಬ್ಬ ಮುದುಕಿಯ ಮಗುವಿಗೂ ಜಾಗ ಕೊಟ್ಟವರು ಸ್ವಂತ ಮಗಳಿಗೆ ಜಾಗ ಕೊಡಲಿಲ್ಲವೆಂದ ಮೇಲೆ, ನಾನು ಯಾರನ್ನು ಸ್ಮರಿಸುತ್ತಿದ್ದೇನೆ? ಮುನ್ನುಡಿ ಬರೆಯಲು ಕುಳಿತಾಗಲೆಲ್ಲ ಉದ್ಯಾವರದ ನಿಲ್ದಾಣ ಕಣ್ಣೆದುರು ಬರುತ್ತದೆ, ಬಂದು ಹಾಗೆಯೇ ಕಹಿಯಾಗುತ್ತದೆ. ಮಾಸ್ತರರನ್ನು ಎರಡನೆಯ ಸಲ ಕಳೆದುಕೊಂಡಂತೆ.

ನಿಮ್ಮ ಹೆಸರನ್ನು ಸೇರಿಸಿಯೇ ಹಾಳೆಯನ್ನು ಮಣಿಪಾಲದ ಮುದ್ರಣಾಲಯಕ್ಕೆ ಕೊಟ್ಟಿದ್ದೇನೆ. ಕರಡಚ್ಚು ಬರುವ ತಿಂಗಳು ಸಿಗುತ್ತದೆ. ಮಕ್ಕಳ ಹೆಸರುಗಳನ್ನು ಅಷ್ಟರೊಳಗೆ ಕಳುಹಿಸಿದರೆ ಉಪಕಾರ.

ಸುಭಾಷಿಣಿ


ಆದಿ ಉಡುಪಿ
26 ಫೆಬ್ರವರಿ 1979

ಗುಣವತಿ ಅಕ್ಕನವರಿಗೆ,

ಈ ಪತ್ರವನ್ನು ನೀವು ಓದದೆ ಹರಿದರೂ ಅದು ನ್ಯಾಯವೇ. ಹರಿಯುವ ಮೊದಲು ಎರಡನೆಯ ಪುಟವನ್ನು ಮಾತ್ರ ಓದಿ. ಮೊದಲನೆಯದರಲ್ಲಿ ಇರುವುದು ನನ್ನ ತಪ್ಪಿನ ವಿವರ.

ಕರಡಚ್ಚನ್ನು ಕಾಪುವಿಗೆ ಒಯ್ದು ಶೀನಣ್ಣನವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅಕ್ಕ, ಇದೆಂತ? ಮಾವನ ಕೆಳಗೆ ಗೆರೆ ಎಳೆದದ್ದು ಯಾರು?”

“ನಾನು. ಅವರಿಗೆ ಮಗಳಿದ್ದಾರಲ್ಲ? ನಿಸ್ಸಂತತಿ ಎಂದು ಹೇಗೆ ಹಾಕುವುದು?”

“ಮಗಳು ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ತಿ? ನನಗೆ ಐದು ಮಕ್ಕಳು. ದೊಡ್ಡವನು ಬಹರೈನಿನಲ್ಲಿ ಇದ್ದಾನೆ. ನನ್ನ ಹೆಸರಿನ ಎದುರು ಎಂತ ಉಂಟು, ನೀವೇ ಓದಿ.”

ಓದಿದೆ. ‘ನಿಸ್ಸಂತತಿ’ ಎಂದಿತ್ತು.

“ನನ್ನ ಮಕ್ಕಳು ಅವರ ತಾಯಿಯ ಮನೆಯ ಹಾಳೆಯಲ್ಲಿ ಇದ್ದಾರೆ. ಈ ಹಾಳೆಯಲ್ಲಿ ಗಂಡಸಿಗೆ ಎಂತ ಸಂತತಿ? ನಾವೆಲ್ಲ ಇಲ್ಲಿಗೇ ನಿಂತೆವು. ಗಂಡಸಿನ ಕೆಳಗೆ ಗೆರೆ ಎಳೆದದ್ದನ್ನು ಮಾವ ನೋಡಿದ್ದರೆ ಕೊಡೆಯಲ್ಲೇ ಬಾರಿಸುತ್ತಿದ್ದರು. ನಿಮಗಲ್ಲ, ನನಗೆ!”

ಅಳಿಯಸಂತಾನದ ಬಗ್ಗೆ ಪರೀಕ್ಷೆಯಲ್ಲಿ ಹದಿನಾರು ಅಂಕದ ಉತ್ತರ ಬರೆದವಳು ನಾನು. ವಂಶವು ತಾಯಿಯಿಂದ ಮಗಳಿಗೆ ಸಾಗುತ್ತದೆ, ಮಾವನಿಂದ ಅಳಿಯನಿಗೆ ಹಕ್ಕು ಬರುತ್ತದೆ ಎಂದೆಲ್ಲ ಚೊಕ್ಕವಾಗಿ ಬರೆದಿದ್ದೆ. ಆದರೆ ಆ ಹಾಳೆಯನ್ನು ಕೈಯಲ್ಲಿ ಹಿಡಿದಾಗ ಓದಿದ್ದು ನಮ್ಮ ಮನೆಯ ಕಣ್ಣಿನಿಂದ, ತಂದೆಯ ಕೆಳಗೆ ಮಕ್ಕಳನ್ನು ಹುಡುಕುವ ಕಣ್ಣಿನಿಂದ. ಆ ಒಂದೇ ಹಾಳೆಯಲ್ಲಿ ಆ ಶಬ್ದ ಹದಿಮೂರು ಗಂಡಸರ ಎದುರು ಉಂಟು. ಒಂದನ್ನು ಕಂಡೊಡನೆ ನಾನು ಹಾಳೆಯನ್ನು ಸುತ್ತಿಬಿಟ್ಟಿದ್ದೆ, ಅಚ್ಚಿಗೆ ಕೊಡುವಾಗಲೂ ಆ ಒಂದು ಹೆಸರನ್ನಷ್ಟೇ ನೋಡಿದ್ದೆ. ಮಣಿಪಾಲಕ್ಕೆ ಹೋಗಿ ಆ ಗೆರೆಯನ್ನು ತೆಗೆಸಿದ್ದೇನೆ. ಮೊದಲಿಗಳಾದ ನಾನು ನಿಮ್ಮ ಮೊದಲ ಪತ್ರದ ಒಂದೇ ಒಂದು ಪ್ರಶ್ನೆಯನ್ನು ಸರಿಯಾಗಿ ಓದಿರಲಿಲ್ಲ. ನೀವು ಕೇಳಿದ್ದು ಪಡುಮನೆಯ ಹಾಳೆಯನ್ನು.

ಅದಕ್ಕಾಗಿ ಕಾರ್ಕಳಕ್ಕೆ ಹೋದೆ.

ನಿಮ್ಮ ಚಿಕ್ಕಮ್ಮ ದುಗ್ಗಮ್ಮನವರಿಗೆ ಈಗ ಕಿವಿ ಸ್ವಲ್ಪ ಮಂದ, ನೆನಪಿಗೆ ಏನೂ ಆಗಿಲ್ಲ. ಹಾಳೆ ಅವರ ಬಳಿಯೇ ಉಂಟು. ಬೇರೆ ಎಲ್ಲ ಮನೆಯ ಹಾಳೆಗಳನ್ನು ಕಾಪುವಿಗೆ ಒಯ್ದ ಮಾಸ್ತರರು ಇದೊಂದನ್ನು ಇಲ್ಲೇ ಬಿಟ್ಟಿದ್ದರಂತೆ. ಚಾಪೆಯ ಮೇಲೆ ಬಿಡಿಸಿದೆವು. ಮುತ್ತಕ್ಕ. ಅವರ ಕೆಳಗೆ ಗುಣವತಿ. ಹೊಡೆದು ಹಾಕಿದ ಗುರುತಿಲ್ಲ, ತಿದ್ದಿದ ಗುರುತೂ ಇಲ್ಲ.

ಇನ್ನೊಂದು ಸಂಗತಿಯನ್ನು ಕಂಡದ್ದು ಕಂಡಂತೆ ಹೇಳುತ್ತೇನೆ. ಈ ಸಲ ಅರ್ಥ ಹೇಳಲು ಹೋಗುವುದಿಲ್ಲ. ನಿಮ್ಮ ಹೆಸರಿನ ಕೆಳಗೆ ಹಾಳೆ ಮುಗಿಯುತ್ತದೆ. ಅಲ್ಲಿಗೆ ಒಂದು ಗೇಣಿನಷ್ಟು ಬಿಳಿಯ ಕಾಗದವನ್ನು ಅಂಟಿಸಿದ್ದಾರೆ. ನಿಮ್ಮ ಹೆಸರಿನಿಂದ ಗೆರೆ ಇಳಿದು ಆ ಕಾಗದದವರೆಗೆ ಬಂದು ನಿಂತಿದೆ. ಕಾಗದದಲ್ಲಿ ಏನೂ ಇಲ್ಲ.

“ಇದನ್ನು ಯಾವಾಗ ಅಂಟಿಸಿದರು?” ಎಂದು ಕೇಳಿದೆ.

“ಬೊಂಬಾಯಿಯಿಂದ ಬಂದವರು ಯಾರೋ ನಮ್ಮ ಗುಣವತಿಗೆ ಹೆಣ್ಣು ಹುಟ್ಟಿದೆ ಅಂದಿದ್ದರು, ಆ ವರ್ಷ. ಭಾವ ಗೋಂದಿನ ಬಾಟ್ಲಿ ಹಿಡಿದುಕೊಂಡೇ ಬಂದರು. ಅಂಟಿಸಿದರು, ಗೆರೆ ಎಳೆದರು, ಪೆನ್ನು ಮುಚ್ಚಿದರು. ‘ಹೆಸರು ಯಾರ ಹತ್ತಿರವಾದರೂ ಕೇಳಿ ಬರೆಯಬಾರದಾ ಭಾವ? ಇಡೀ ಊರಿಗೆ ಗೊತ್ತಿರುತ್ತದೆ’ ಅಂದೆ. ‘ಹೇಳಬೇಕಾದವಳು ಹೇಳಲಿ’ ಅಂದರು.”

“ಆಮೇಲೆ?”

“ಆಮೇಲೆ ಎಂತ? ವರ್ಷಕ್ಕೊಮ್ಮೆ ಬರುವುದು, ಬಿಡಿಸುವುದು, ನೋಡುವುದು, ಸುತ್ತುವುದು. ಒಂದು ಲೋಟ ಚಾ ಕುಡಿದು ಹೋಗುವುದು. ಹದಿನೇಳು ವರ್ಷ. ಅಷ್ಟು ಜಂಬ ಒಳ್ಳೆಯದಲ್ಲ ಅಂತ ನಾನು ಹೇಳಿದೆ. ಅವರಿಗೂ ಹೇಳಿದೆ, ನಿನಗೂ ಹೇಳುತ್ತೇನೆ, ನೀನೂ ಅದೇ ಜಾತಿಯವಳ ಹಾಗೆ ಕಾಣುತ್ತಿ.”

ಅಕ್ಕ, ಆ ಜಾಗ ಇನ್ನೂ ಹಾಗೆಯೇ ಉಂಟು. ನೀವು ಹೇಳಬಯಸಿದರೆ ಮಾತ್ರ.

ಸುಭಾಷಿಣಿ


ದಾದರ್, ಮುಂಬಯಿ
14 ಮಾರ್ಚ್ 1979

ಸುಭಾಷಿಣಿಗೆ,

ಎರಡೂ ಪುಟ ಓದಿದೆ. ಎರಡನೆಯದನ್ನು ಜೋನ್ ಅವರಿಗೆ ಗಟ್ಟಿಯಾಗಿ ಓದಿ ಹೇಳಲು ಹೊರಟೆ. ಬಿಳಿಯ ಕಾಗದದವರೆಗೆ ಓದಿದೆ, ಉಳಿದದ್ದನ್ನು ಅವರೇ ತೆಗೆದುಕೊಂಡು ಓದಿದರು.

ನಿನ್ನನ್ನು ಏಕವಚನದಲ್ಲಿ ಕರೆಯುತ್ತೇನೆ, ಬೇಸರಿಸಬೇಡ. ನನಗೆ ನಲವತ್ತೈದು.

ನೀನು ತಿಳಿದುಕೊಂಡ ಹಾಗೆ ಆಗಲಿಲ್ಲ. ಆ ಶಬ್ದದ ಅರ್ಥ ನನಗೆ ಗೊತ್ತು. ಅಪ್ಪನ ಜೊತೆ ಹತ್ತು ವರ್ಷ ಹಾಳೆ ಹಿಡಿದು ಕುಳಿತವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ನೀನು ಅದನ್ನು ಬಿಡಿಸಿ ಹೇಳಿದ್ದನ್ನು ಕಂಡು ಮೊದಲು ನಗು ಬಂತು. ನಾಲ್ಕನೆಯ ತರಗತಿಯ ಮಕ್ಕಳೂ ಹಾಗೆಯೇ, ಗೊತ್ತಿರುವ ನಿಯಮವನ್ನು ಗೊತ್ತಿಲ್ಲದ ಲೆಕ್ಕಕ್ಕೆ ಹಾಕುತ್ತಾರೆ. ಅಲ್ಲಿಯೇ ನಿಲ್ಲಿಸಿದ್ದರೆ ಒಂದು ಸಾಲಿನಲ್ಲಿ ತಿದ್ದಿ ಕಳುಹಿಸುತ್ತಿದ್ದೆ. ಆದರೆ ನೀನು ಕೆಳಗೆ ಕೇಳಿದೆ: ನಿಮ್ಮ ಮಕ್ಕಳೆಷ್ಟು ಮಂದಿ, ಹೆಸರುಗಳೇನು.

ನಮ್ಮ ಹಾಳೆಯಲ್ಲಿ ಗಂಡಸಿನ ಎದುರು ಆ ಶಬ್ದ ಇದ್ದರೆ ಯಾರಿಗೂ ಏನೂ ಆಗುವುದಿಲ್ಲ. ಹೆಂಗಸಿನ ಎದುರು ಬಂದರೆ ಮಾತ್ರ ಅದು ನಿಜವಾದ ಶಬ್ದ. ಅದು ಅಪ್ಪನದ್ದಲ್ಲ ಮಗಳೇ, ನನ್ನದು. ಎರಡು ತಿಂಗಳು ಉತ್ತರಿಸಲಿಕ್ಕೆ ಆಗದೆ ಹೋದದ್ದು ಅದಕ್ಕೆ.

1961ರ ಫೆಬ್ರವರಿಯಲ್ಲಿ ನನಗೆ ಹೆಣ್ಣು ಮಗುವಾಯಿತು. ಏಳು ತಿಂಗಳು ಇತ್ತು. ಸೆಪ್ಟೆಂಬರಿನಲ್ಲಿ ಜ್ವರ ಬಂತು, ನಾಲ್ಕು ದಿನ. ಮತ್ತೆ ಮಕ್ಕಳಾಗಲಿಲ್ಲ.

ನಾನು ಹೊರಡುವ ದಿನ ಅಪ್ಪ ಅಂದ ಮಾತು ಇದು: “ಹೋಗುವುದಾದರೆ ಹೋಗು. ನಿನ್ನ ಮಕ್ಕಳ ಹೆಸರು ಕೇಳಿಕೊಂಡು ನಾನು ಬರುವುದಿಲ್ಲ.” ಊರಿಡೀ ಮಕ್ಕಳ ಹೆಸರು ಕೇಳುತ್ತ ತಿರುಗಿದ ಮನುಷ್ಯನ ಬಾಯಲ್ಲಿ ಅದಕ್ಕಿಂತ ದೊಡ್ಡ ಶಾಪ ಇರಲಿಲ್ಲ. ನಾನೂ ಅಂದೆ, “ಕೇಳದೆ ನಾನು ಹೇಳುವುದೂ ಇಲ್ಲ.” ಮಗು ಹುಟ್ಟಿದಾಗ ಮೂರು ಸಲ ಇನ್‌ಲ್ಯಾಂಡ್ ಪತ್ರ ತೆಗೆದು ಕುಳಿತೆ. ನಡೆಯಲು ಕಲಿತ ಮೇಲೆ ಬರೆಯೋಣ, ಆಗ ಹೇಳಲಿಕ್ಕೆ ಏನಾದರೂ ಹೆಚ್ಚು ಇರುತ್ತದೆ ಅಂದುಕೊಂಡೆ. ಆಮೇಲೆ ಹೇಳಲಿಕ್ಕೆ ಏನೂ ಇಲ್ಲದಾಯಿತು. ಅದರ ಹೆಸರು ಜೋನ್ ಅವರ ಇಗರ್ಜಿಯಲ್ಲಿ ಇಟ್ಟದ್ದು. ಆ ಹೆಸರನ್ನು ಅಪ್ಪ ಹೇಗೆ ಬರೆದಾರು ಎಂಬ ಅಂಜಿಕೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಹುಟ್ಟಿದ್ದನ್ನು ಊರಿಗೆ ಹೇಳಿದವರು ಹೋದದ್ದನ್ನೂ ಹೇಳಿರಬೇಕು. ಹಾಗಾದರೆ ಹದಿನೇಳು ವರ್ಷ ಅವರು ಬಂದು ನೋಡುತ್ತಿದ್ದದ್ದು ಏನನ್ನು? ಅವರಿಗೆ ಗೊತ್ತಿತ್ತೋ? ಗೊತ್ತಿದ್ದೂ ಆ ಜಾಗವನ್ನು ಬಿಟ್ಟರೋ? ಇದನ್ನು ಕೇಳಲಿಕ್ಕೆ ಈಗ ಅಪ್ಪ ಇಲ್ಲ.

ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ. ಅಪ್ಪನ ಕ್ರಮ ಅದಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ. ಬರುತ್ತೇನೆ. ಹಾಳೆಯನ್ನು ಅಚ್ಚಿಗೆ ಕೊಡದೆ ಇಟ್ಟಿರು. ಚಿಕ್ಕಮ್ಮನಿಗೆ ಮೊದಲೇ ಹೇಳಬೇಡ, ಅಡುಗೆಗೆ ಊರನ್ನೇ ಕರೆಯುತ್ತಾಳೆ.

ಗುಣವತಿ


ಆದಿ ಉಡುಪಿ
28 ಮೇ 1979

ಪ್ರೀತಿಯ ಗುಣವತಿ ಅಕ್ಕ,

ನೀವು ಮುಂಬಯಿ ಬಸ್ಸು ಹತ್ತಿ ಇಂದಿಗೆ ಆರು ದಿನ. ಪಡುಮನೆಯ ಹಾಳೆ ನಿನ್ನೆ ಮಣಿಪಾಲದಿಂದ ಅಚ್ಚಾಗಿ ಬಂತು. ಇಪ್ಪತ್ತಮೂರನೆಯದು. ಒಂದು ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಸಮಿತಿಯ ಕಾರ್ಯದರ್ಶಿ ರಘುಪತಿಯವರು ಬೆರಳಿಟ್ಟು, “ಈ ಹೆಸರು ಈ ಮನೆತನದಲ್ಲಿ ಹೇಗೆ ಬಂತು? ಅಚ್ಚಿನ ತಪ್ಪೋ?” ಎಂದು ವಿಚಾರಿಸಿದರು. “ತಾಯಿ ಹೇಳಿದರು, ನಾನು ಬರೆದೆ” ಎಂದೆ. ಅಡಿಟಿಪ್ಪಣಿ ಹಾಕಬೇಕೆಂದರು. ಮಾಸ್ತರರ ಹಾಳೆಗಳಲ್ಲಿ ಯಾವ ಮಗುವಿಗೂ ಅಡಿಟಿಪ್ಪಣಿ ಇಲ್ಲವೆಂದು ಹೇಳಿ ಬಂದಿದ್ದೇನೆ. ಮುನ್ನುಡಿಯನ್ನೂ ಬರೆದು ಮುಗಿಸಿದೆ. ಕಹಿ ಹೋಗಿದೆ. ಅವರಿಲ್ಲ ಎಂಬುದು ಮಾತ್ರ ಉಳಿದಿದೆ, ಅದು ಹೋಗುವಂಥದ್ದಲ್ಲ.

ಆ ದಿನ ನೀವು ಹೆಸರು ಹೇಳಿದಾಗ ದುಗ್ಗಮ್ಮನವರಿಗೆ ಕೇಳಿಸಲಿಲ್ಲ. “ಎಂತ? ಓಲೆ?” ಎಂದರು. ನೀವು ಇನ್ನೊಮ್ಮೆ ಹೇಳಿದಿರಿ. “ಒಲಿಂಬ?” ಎಂದರು. “ಒಲಿಂಡಾ, ಚಿಕ್ಕಮ್ಮ, ಒಲಿಂಡಾ!” ಎಂದು ನೀವು ಅಂಗಳಕ್ಕೆಲ್ಲ ಕೇಳುವಂತೆ ಕೂಗಿ ಹೇಳಿದಿರಿ. ಹದಿನೆಂಟು ವರ್ಷದಲ್ಲಿ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲೆಂದು ಆಮೇಲೆ ಹೇಳಿದಿರಿ. ಅವರು ಹಲ್ಲಿಲ್ಲದ ಬಾಯಲ್ಲಿ ನಾಲ್ಕು ಸಲ ಅದನ್ನು ಹೇಳಿ ನೋಡಿ, “ಚೆಂದ ಉಂಟು. ನಮ್ಮ ದುಗ್ಗು, ಅಕ್ಕು, ಮುತ್ತು ಅಂತ ಎಷ್ಟು ದಿನ ಇಡುವುದು?” ಎಂದುಬಿಟ್ಟರು. ಜೋನ್ ಅಣ್ಣ ಚಾವಡಿಯ ಕಂಬದ ಆಚೆಗೆ ಹೋಗಿ ನಿಂತದ್ದನ್ನು ನೀವು ನೋಡಲಿಲ್ಲ, ನಾನು ನೋಡಿದೆ.

ಬರೆಯುವಾಗ ನನ್ನ ಅಕ್ಷರ ಅಲುಗಿದೆ. ಅಚ್ಚಿನಲ್ಲಿ ಅದು ಕಾಣುವುದಿಲ್ಲ, ಹಾಳೆಯಲ್ಲಿ ಕಾಣುತ್ತದೆ. ತಿದ್ದದೆ ಬಿಟ್ಟಿದ್ದೇನೆ.

ನಿಮ್ಮನ್ನು ಬಸ್ಸು ಹತ್ತಿಸಿ ಕಾಪುವಿಗೆ ಹೋಗಿ ಶೀನಣ್ಣನವರಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, “ಹೆಸರು ಬರೆದಿರಿ, ಸರಿ. ಇನ್ನೊಂದು ಕೇಳಿದಿರಾ?” ಎಂದರು.

“ಇನ್ನೊಂದು ಏನು?”

“ಹೆಸರು ಬರೆದಾದ ಮೇಲೆ ಮಾವ ಪೆನ್ನು ಮುಚ್ಚಿ ಒಂದು ಪ್ರಶ್ನೆ ಕೇಳುವರು. ಅದನ್ನು ಎಲ್ಲಿಯೂ ಬರೆದುಕೊಳ್ಳಲಿಕ್ಕೆ ಇಲ್ಲ, ಸುಮ್ಮನೆ ಕೇಳುವುದು. ಇದ್ದ ಮಗುವಾದರೂ ಕೇಳುವರು, ಹೋದ ಮಗುವಾದರೂ ಕೇಳುವರು. ಅದಕ್ಕೆ ಹೆಂಗಸರು ಅವರನ್ನು ಒಂದು ಗಂಟೆ ಏಳಲಿಕ್ಕೆ ಬಿಡುತ್ತಿರಲಿಲ್ಲ.”

ಆ ದಿನ ನಾನು ಅದನ್ನು ಕೇಳಲಿಲ್ಲ, ನನಗೆ ತಿಳಿದಿರಲಿಲ್ಲ. ಅವರ ಹಾಗೆ ಎದುರಿಗೆ ಕುಳಿತು ಕೇಳುವ ಭಾಗ್ಯವಿಲ್ಲದಿದ್ದರೂ ಈಗ ಕೇಳುತ್ತಿದ್ದೇನೆ. ನಾಲ್ಕು ಪುಟವಾದರೂ ಆಗಲಿ, ನಲವತ್ತು ಪುಟವಾದರೂ ಆಗಲಿ. ಇದು ಗ್ರಂಥಕ್ಕಲ್ಲ.

ಒಲಿಂಡಾ ಯಾರ ಹಾಗೆ ಇದ್ದಳು, ಅಕ್ಕ?

ನಿಮ್ಮ
ಸುಭಾಷಿಣಿ